ಬಹಿರ್ಮುಖಿ ಬಸವರಾಜುವೂ ಒಡೆದ ಹಾಲೂ

ಮನುಷ್ಯರ ಸ್ವಭಾವವನ್ನು ಅಳೆಯುವ ವಿದ್ಯೆಯನ್ನು ನಾನು ಚಾಮರಾಜನಗರದಲ್ಲಿ ಒಂದೇ ದಿನದಲ್ಲಿ ಕಲಿತೆ. ಊಟದ ಹೊತ್ತು ಕಳೆದರೆ ಅರ್ಧ ದಿನ. ಕುದೇರಿನ ಪಕ್ಕದ ನಮ್ಮೂರಿನ ಹಾಲಿನ ಡೇರಿಗೆ ನಾನು ಕಾರ್ಯದರ್ಶಿ. ನೌಕರರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂದು ಎರಡು ಬಗೆ, ಅದನ್ನರಿತು ಕೆಲಸ ಹಂಚಿದರೆ ಸಂಸ್ಥೆ ಉದ್ಧಾರವಾಗುತ್ತದೆ ಎಂದು ಅಲ್ಲಿಯ ತರಬೇತಿಯಲ್ಲಿ ಹೇಳಿ, ಪ್ರಶ್ನೆಗಳ ಹಾಳೆಯನ್ನೂ ಕೊಟ್ಟರು.

ಹೆಂಡತಿಗೆ ತೋರಿಸಿದೆ. ಮೊದಲು ನೀವು ತುಂಬಿ ಎಂದಳು. ಮೇಲಧಿಕಾರಿ ತುಂಬುವಂತಿಲ್ಲ ಎಂಬ ನಿಯಮವನ್ನು ನಾನು ಆ ಕ್ಷಣವೇ ಜಾರಿಗೆ ತಂದೆ!

ನಮ್ಮ ಡೇರಿಯ ಸಮಸ್ತ ನೌಕರವರ್ಗ ಇಬ್ಬರು. ಕಿಟಕಿಯಲ್ಲಿ ನಿಂತು ಹಾಲು ಪರೀಕ್ಷಿಸುವ ಮಹದೇವಮ್ಮ, ಒಳಗೆ ಕ್ಯಾನು ತೊಳೆಯುವ ಬಸವರಾಜು. ಹೊಸಬರೊಡನೆ ಮಾತಾಡಲು ಇಷ್ಟವೇ ಎಂದು ಮಹದೇವಮ್ಮನನ್ನು ಕೇಳಿದೆ.

"ನಮ್ಮೂರ್ಗೆ ಒಸಬ್ರು ಯಾರ್ ಬತ್ತರೆ ಸಾ?" ಎಂದಳು.

ಇಷ್ಟವಿಲ್ಲ ಎಂದು ಗುರುತು ಹಾಕಿಕೊಂಡೆ. ಹಾಲು ನೋಡುವಾಗ ಆಗಾಗ ಬೆರಳಿನಿಂದ ಏನನ್ನೋ ತಟ್ಟುತ್ತಾಳೆ, ಅದನ್ನು ಚಡಪಡಿಕೆ ಎಂದು ಬರೆದೆ. ಅಪ್ಪಟ ಅಂತರ್ಮುಖಿ! ಬಸವರಾಜು ಖಾಲಿ ಕ್ಯಾನಿನ ಜೊತೆಗೂ ಹರಟುವವನು. ಮರುದಿನವೇ ಅವನು ಕಿಟಕಿಗೆ, ಅವಳು ಕ್ಯಾನಿಗೆ.

ಅಂದು ಬೆಳಿಗ್ಗೆ ಮೇಲಿನ ಬೀದಿಯ ಪುಟ್ಟತಾಯಮ್ಮ ತಂದ ಹಾಲು ಕೆಟ್ಟಿತ್ತು. ಪಾಪ, ಬಸವರಾಜು ಹಾಳೆಯಲ್ಲಿದ್ದಂತೆಯೇ ನಡೆದುಕೊಂಡ. "ದೊಡ್ಡವ್ವ, ನಿನ್ ಹಾಲು ಒಡ್ದೋಗದೆ ಕಣವ್ವ, ಪಾತ್ರೆ ಸರ್ಯಾಗಿ ತೊಳ್ದಿಲ್ವಾ?" ಎಂದು ಸಾಲಿನ ಕೊನೆಯವರಿಗೂ ಕೇಳುವಂತೆ ಪ್ರೀತಿಯಿಂದ ಹೇಳಿದ. ಆಕೆ ಹಾಲನ್ನು ಬಾಗಿಲಲ್ಲೇ ಚೆಲ್ಲಿ ನಡೆದಳು. ಆಕೆಗಾದ ಅವಮಾನಕ್ಕೆ ಸಂಜೆ ಮೇಲಿನ ಬೀದಿಯಿಂದಲೇ ಒಂದು ತೊಟ್ಟೂ ಬರಲಿಲ್ಲ. ಹಾಲು ಇಷ್ಟೇ ಆದರೆ ನಿಮ್ಮೂರಿಗೆ ಗಾಡಿ ಕಳಿಸುವುದನ್ನೇ ನಿಲ್ಲಿಸುತ್ತಾರೆ ಎಂದು ಹಾಲಿನ ಗಾಡಿಯ ಡ್ರೈವರ್ ಹೇಳಿ ಹೋದ. ಗಾಡಿ ನಿಂತರೆ ಇಡೀ ಊರು ಹಾಲು ಹೊತ್ತು ಎಲ್ಲಿಗೆ ಹೋಗಬೇಕು? ನನಗೆ ನಿಜವಾಗಿ ಭಯವಾಯಿತು.

ಪುಟ್ಟತಾಯಮ್ಮನ ಮನೆಗೆ ಓಡಿದೆ. ಸುಮ್ಮನೆ ತಪ್ಪಾಯಿತು ಎನ್ನಬಹುದಿತ್ತು. ತರಬೇತಿ ಆಗಿತ್ತಲ್ಲ! ಬಸವರಾಜು ಬಹಿರ್ಮುಖಿ, ಮಹದೇವಮ್ಮ ಅಂತರ್ಮುಖಿ ಎಂದು ಸವಿಸ್ತಾರವಾಗಿ ವಿವರಿಸಿದೆ.

"ಅವ್ರ ಮುಖ ಎತ್ಲಾಗಾರ ಇರ್ಲಿ ಕಣಪ್ಪ. ಬೀದೀಲಿ ನಾನ್ ಎಂಗ್ ಮುಖ ತೋರ್ಸನ?" ಎಂದಳು. ಮತ್ತೆ ಅವಳೇ, "ಮಾದೇವಮ್ಮ ಆಗಿದ್ರೆ, ಹಾಲ್ ಕೆಟ್ಟಾಗ ಮುಚ್ಚಳದ ಮ್ಯಾಲೆ ಎಲ್ಡ್ ಸತಿ ತಟ್ಟೋಳು. ನಾವು ಯಾರ್ಗೂ ಗೊತ್ತಾಗ್ದಂಗೆ ವಾಪಸ್ ತಕ್ಕಂಡು ಬತ್ತಿದ್ದೊ."

ನಾನು ಬರೆದುಕೊಂಡಿದ್ದ ಚಡಪಡಿಕೆ ಅದು. ಇಷ್ಟು ವರ್ಷ ಎರಡು ಮಾರು ದೂರದ ಕುರ್ಚಿಯಲ್ಲಿ ಕೂತು ಆ ಸದ್ದು ಕೇಳಿದ್ದೆ. ಊರಿನ ಎಷ್ಟು ಹೆಂಗಸರ ಮಾನ ಆ ಬೆರಳಲ್ಲಿ ಉಳಿದಿತ್ತೋ, ನಾನೊಮ್ಮೆಯೂ ವಿಚಾರಿಸಿರಲಿಲ್ಲ. ನಾಚಿಕೆಯಾಯಿತು. ನಾಳೆಯಿಂದ ಕಿಟಕಿಯಲ್ಲಿ ಮಹದೇವಮ್ಮನೇ ಇರುತ್ತಾಳೆ ಎಂದು ಹೇಳಿ ಬಂದೆ.

ಮರುದಿನ ಮೇಲಿನ ಬೀದಿಯ ಹಾಲು ಬಂತು. ಸಾಲು ಕರಗಿದ ಮೇಲೆ ಮಹದೇವಮ್ಮನನ್ನು ಕರೆದು ಕೂರಿಸಿದೆ. ಹಾಳೆಯನ್ನು ಮೇಜಿನ ಮೇಲೆ ಹರಡಿ, ನಿನ್ನ ಸ್ವಭಾವವನ್ನು ಈಗ ಬೇರೆ ಬಗೆಯಲ್ಲಿ ವಿಂಗಡಿಸಬೇಕಾಗಿದೆ ಎಂದು ಶುರು ಮಾಡಿದೆ. ಆಕೆ ತಾಳ್ಮೆಯಿಂದ ಕೇಳಿದಳು. ಬಸವರಾಜು ಕೂಡ ಬಾಗಿಲಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೈ ಚಾಚಿ, ನನ್ನ ಹಾಳೆಯ ಮೇಲೆ ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದಳು.

ನಾನು ಅದನ್ನು ಯಾರಿಗೂ ಗೊತ್ತಾಗದಂತೆ ಮಡಚಿಕೊಂಡು ಮನೆಗೆ ಬಂದೆ.