ನಮ್ಮ ಶೆಡ್ಡಿನ ಗವರ್ನರ್

ಇಂಥದ್ದೆಲ್ಲ ಶಿಸ್ತಿಲ್ಲದ ಮನೆಗಳಲ್ಲಿ ನಡೆಯುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಎಲ್ಲವೂ ನಮ್ಮ ಮನೆಯಲ್ಲೇ ನಡೆಯುತ್ತಿದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿಟ್ಟು ಕೂರಬೇಕು, ಪದವನ್ನು ಅರ್ಧ ನುಂಗಬಾರದು, ಕೈಗೆತ್ತಿಕೊಂಡ ವಸ್ತುವನ್ನು ಅದರ ಜಾಗದಲ್ಲೇ ಇಡಬೇಕು: ಇದಿಷ್ಟನ್ನು ಸಿಸ್ಟರ್‌ಗಳು ಕಲಿಸಿದರು, ಇದಿಷ್ಟನ್ನೇ ನಾನೂ ಮುಂದೆ ಮಕ್ಕಳಿಗೆ ಕಲಿಸಿ ನಿವೃತ್ತಳಾದೆ. ಆಮೇಲೆ ಯಜಮಾನರ ಜೊತೆ ಸಾಸಲು ಕಡೆಯ ಅವರ ಹಳ್ಳಿಗೆ ಬಂದೆ. ಮನೆ ಚೆನ್ನಾಗಿದೆ. ಪಕ್ಕದಲ್ಲಿ ಗಟ್ಟಿಮುಟ್ಟಾದ ಶೆಡ್ ಇದೆ. ಆದರೆ ಆ ಶೆಡ್ಡಿನಲ್ಲಿ ನನ್ನ ಕಾರು ಇಲ್ಲ. ಮಾವನವರ ಕಾಲದ ಟ್ರ್ಯಾಕ್ಟರ್ ಇದೆ. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಏಳುವ, ಪೆಟ್ರೋಲ್ ಕುಡಿಯುವ ಮುದುಕ. ನನ್ನ ಬಿಳಿ ಕಾರು ಹೊರಗೆ ಹೊಂಗೆ ಮರದ ಕೆಳಗೆ ನಿಂತು, ಊರಿನ ಎಲ್ಲ ಕಾಗೆಗಳ ಹಿಕ್ಕೆಯನ್ನು ಹೊತ್ತುಕೊಂಡಿದೆ.

ಟ್ರ್ಯಾಕ್ಟರಿನ ರೋಗ ಇದು: ಇಂಜಿನ್ನಿನ ಸದ್ದು ತಾನಾಗಿಯೇ ಏರುತ್ತದೆ, ಇನ್ನೇನು ಹಾರಿಹೋಯಿತು ಅನ್ನುವಷ್ಟರಲ್ಲಿ ಇಳಿಯುತ್ತದೆ, ಇನ್ನೇನು ಸತ್ತಿತು ಅನ್ನುವಷ್ಟರಲ್ಲಿ ಮತ್ತೆ ಏರುತ್ತದೆ. ಗವರ್ನರ್ ಎಂಬ ಭಾಗ ಕೆಟ್ಟಿದೆ ಎಂದರು ಯಜಮಾನರು. ವೇಗ ಹೆಚ್ಚಾದರೆ ತಗ್ಗಿಸಿ, ತಗ್ಗಿದರೆ ಹೆಚ್ಚಿಸಿ, ಇಂಜಿನ್ನನ್ನು ಹದ್ದುಬಸ್ತಿನಲ್ಲಿಡುವುದು ಅದರ ಕೆಲಸವಂತೆ. ಕೇಳಿದಾಗ ಆ ಭಾಗದ ಮೇಲೆ ನನಗೆ ಸ್ವಲ್ಪ ಗೌರವವೇ ಬಂತು. ಆದರೂ ಖಡಾಖಂಡಿತವಾಗಿ ಹೇಳಿದೆ: "ಆಯುಧ ಪೂಜೆಯ ಹೊತ್ತಿಗೆ ಇದು ಒಂದೇ ಸ್ವರದಲ್ಲಿ ಓಡಬೇಕು. ಇಲ್ಲದಿದ್ದರೆ ಗುಜರಿಗೆ. ಶೆಡ್ ನನ್ನ ಕಾರಿಗೆ."

ಮಗುವನ್ನು ಹಾಸ್ಟೆಲ್ಲಿಗೆ ಬಿಟ್ಟು ಬರುವ ತಂದೆಯ ಮುಖ ಮಾಡಿಕೊಂಡು ಅವರು ಒಪ್ಪಿದರು.

ಆಂಟಿ ಯಾರು?

ದೊಡ್ಡಬಳ್ಳಾಪುರದಿಂದ ಮೆಕ್ಯಾನಿಕ್ ಬಂದ. ಇಂಜಿನ್ ಏಳಿಸಿ, ಕಿವಿ ಕೊಟ್ಟು ಕೇಳಿ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿ ತಲೆಯಾಡಿಸಿದ.

"ಆಂಟಿಂಗ್ ಒಡೀತೈತೆ ಸಾ. ಬೋ ಜೋರಾಗಿ ಆಂಟಿಂಗ್ ಒಡೀತೈತೆ."

ನನ್ನನ್ನು ಇಡೀ ಜೀವಮಾನದಲ್ಲಿ ಯಾರೂ ಆಂಟಿ ಅಂದಿಲ್ಲ. ಅನ್ನಲು ಬಿಟ್ಟಿಲ್ಲ. "ಯಾರಪ್ಪ ಆಂಟಿ? ನಾನು ಯಾರನ್ನು ಹೊಡೆದೆ?" ಎಂದೆ.

ಯಜಮಾನರು ಓಡಿ ಬಂದರು. "ನಿನಗಲ್ಲ ಕಣೇ. ಹಂಟಿಂಗ್ ಅಂತ. ಇಂಜಿನ್ ಹೀಗೆ ಏರಿ ಇಳಿದು ಮಾಡೋದಕ್ಕೆ ಹಂಟಿಂಗ್ ಅಂತಾರೆ."

ಹಾಗಾದರೆ ಹಾಗೆ ಹೇಳಬೇಕು. ಈ ಸೀಮೆಯಲ್ಲಿ ಹಕಾರವನ್ನು ಹುಟ್ಟಿದಾಗಲೇ ಬಿಟ್ಟುಬಿಡುತ್ತಾರೆ ಎಂಬುದು ನನಗೆ ಗೊತ್ತು. ಅತ್ತೆಯವರಿಗೆ ಹಾಲು 'ಆಲು', ಹಸು 'ಅಸ'. ಅವರಿಗೆ ಕಲಿಸುವ ವಯಸ್ಸು ಮೀರಿದೆ. ಈತನಿಗೆ ಮೀರಿಲ್ಲ. "ಹ. ಹಂಟಿಂಗ್. ಎದೆಯಿಂದ ಉಸಿರು ಬರಬೇಕು. ಹೇಳಿ ನೋಡೋಣ," ಎಂದೆ.

ಪಾಪ, ಸ್ಪ್ಯಾನರ್ ಕೆಳಗಿಟ್ಟು, ಕೈ ಕಟ್ಟಿಕೊಂಡು ನಿಂತ. "ಅ... ಅಂ... ಹ... ಹಾಂಟಿಂಗ್!"

"ಭೇಷ್. ಇನ್ನು ಮುಂದೆ ಹಾಗೇ ಹೇಳಬೇಕು. ಮರೆಯಬಾರದು."

"ಮರೆಯಕ್ಕಿಲ್ಲ," ಎಂದು ಆತ ವಿನಯದಿಂದ ತಲೆ ಬಾಗಿಸಿದ. "ಆಯ್ತು, ಹಾಂಟಿ."

ಹಾರ ತಂದವರು

ಗವರ್ನರನ್ನು ಬಿಚ್ಚಿದರು. ಶೆಡ್ಡಿನಲ್ಲಿ ಧೂಳು, ಸಣ್ಣ ಸಾಮಾನು ಕಳೆದುಹೋಗುತ್ತದೆ ಎಂದು ಹೇಳಿ ನನ್ನ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಅದನ್ನು ಮಲಗಿಸಿದರು. ಸೀಮೆಎಣ್ಣೆಯಲ್ಲಿ ನೆನೆಸಲು ಪಾತ್ರೆ ಬೇಕಾಯಿತು. ಮನೆಯಲ್ಲಿ ಹತ್ತಾರು ಡಬ್ಬಿಗಳಿದ್ದರೂ ಯಜಮಾನರ ಕೈಗೆ ಸಿಕ್ಕಿದ್ದು ನನ್ನ ಪಿಂಗಾಣಿ ಸೂಪ್ ಬಟ್ಟಲೇ.

ಇದನ್ನು ನೋಡಿದ ಅತ್ತೆಯವರು ಬೆಳಗಿನ ವಾಕಿಂಗಿಗೆ ಹೋಗಿ, ಸಿಕ್ಕವರಿಗೆಲ್ಲ ಸುದ್ದಿ ಕೊಟ್ಟು ಬಂದರು. "ನಮ್ಮನೇಲಿ ಗೌರ್ನರ್ರು ಅವ್ರೆ ಕಣಪ್ಪ. ರಾತ್ರಿಯಿಂದ ಇಲ್ಲೇ ಅವ್ರೆ. ಆರೋಗ್ಯ ಸರಿಗಿಲ್ವಂತೆ."

ತಿಂಡಿಯ ಹೊತ್ತಿಗೆ ಗ್ರಾಮ ಪಂಚಾಯ್ತಿಯ ಮೆಂಬರೊಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಚೆಂಡುಹೂವಿನ ಹಾರ, ಶಾಲು. ಹೊಸಿಲಿನಾಚೆಯೇ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, "ಒಳಗವ್ರಾ ಮೇಡಮ್ಮೋರೆ? ಒಂದೇ ನಿಮಿಷ. ನಮ್ಮ ಕೆರೆ ರಸ್ತೆ ವಿಷಯ ಕಿವಿ ಮೇಲೆ ಹಾಕ್ಬಿಡ್ತೀನಿ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, "ಬಾರಪ್ಪ, ಊಟದ್ ಮೇಜಿನ ಮೇಲವ್ರೆ," ಎಂದು ಕರೆದೊಯ್ದರು.

ಮೆಂಬರು ಬಟ್ಟಲಿನೊಳಗೆ ಇಣುಕಿದರು. ಎಣ್ಣೆಯಲ್ಲಿ ಕಪ್ಪಗೆ ಮುಳುಗಿದ್ದ ಕಬ್ಬಿಣದ ತುಂಡುಗಳನ್ನು ಬಹಳ ಹೊತ್ತು ನೋಡಿದರು. ನಾನು ವಿಷಯ ವಿವರಿಸಿದೆ. ಕ್ಷಮೆಯನ್ನೂ ಕೇಳಿದೆ.

ಅವರು ನಿಟ್ಟುಸಿರು ಬಿಟ್ಟು, ಹಾರವನ್ನು ನನ್ನ ಸೂಪ್ ಬಟ್ಟಲಿಗೆ ಸುತ್ತಿ ಹಾಕಿದರು. "ತಂದ ಹಾರ ವಾಪಸ್ ತಗೊಂಡೋಗಬಾರದು. ಇರ್ಲಿ ಬಿಡಿ ಮೇಡಮ್ಮೋರೆ. ಇಷ್ಟು ವರ್ಷದಲ್ಲಿ ರಸ್ತೆ ವಿಷಯ ಹೇಳ್ದಾಗ ಆಗಲ್ಲ ಅನ್ನದೇ ಇರೋರು ಇವ್ರೊಬ್ರೇ."

ಜಾಲರಿ ಬಾಗಿಲು

ತೊಳೆದು ಜೋಡಿಸಿದರೂ ಇಂಜಿನ್ ಏರಿ ಇಳಿಯುವುದನ್ನು ಬಿಡಲಿಲ್ಲ. ಮೆಕ್ಯಾನಿಕ್ ಮತ್ತೆ ಕಿವಿ ಕೊಟ್ಟ. ಗವರ್ನರಿನ ಸ್ಪ್ರಿಂಗ್ ಸುಸ್ತಾಗಿದೆ, ಗಟ್ಟಿಯಾದದ್ದು ಬೇಕು ಎಂದ. ಇಷ್ಟು ಹಳೆಯ ಗಾಡಿಯ ಸ್ಪ್ರಿಂಗ್ ದೊಡ್ಡಬಳ್ಳಾಪುರದಲ್ಲಿ ಸಿಗಲಿಲ್ಲ. ದೇವನಹಳ್ಳಿಯಲ್ಲೂ ಸಿಗಲಿಲ್ಲ.

ನಮ್ಮ ಮನೆಯ ಮುಂಬಾಗಿಲಿಗೆ ಸೊಳ್ಳೆ ಜಾಲರಿಯ ಬಾಗಿಲೊಂದಿದೆ. ಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೆ. ತೆರೆದು ಕೈಬಿಟ್ಟರೆ ಫಟ್ ಎಂದು ತಾನೇ ಮುಚ್ಚಿಕೊಳ್ಳುತ್ತದೆ. ಈ ಮನೆಯಲ್ಲಿ ಹೇಳದೆಯೇ ಮಾತು ಕೇಳುತ್ತಿದ್ದ ವಸ್ತು ಅದೊಂದೇ. ಒಂದು ಸಂಜೆ ನಾನು ಒಳಬಂದು ಕೈಬಿಟ್ಟೆ. ಫಟ್ ಎನ್ನಲಿಲ್ಲ. ತಿರುಗಿ ನೋಡಿದರೆ ಸ್ಪ್ರಿಂಗ್ ಇಲ್ಲ. ಅದೇ ಕ್ಷಣಕ್ಕೆ ಶೆಡ್ಡಿನಿಂದ ಜೀವ ಹೋಗುವಂಥ ಕಿರುಚಾಟ ಕೇಳಿಸಿತು. ಟ್ರ್ಯಾಕ್ಟರಿನದು. ಏರಿದ ಸದ್ದು ಈ ಸಲ ಇಳಿಯಲೇ ಇಲ್ಲ. ಕೋಳಿಗಳು ಮಾಡಿಗೆ ಹಾರಿದವು. ಯಜಮಾನರು ಪೆಟ್ರೋಲ್ ಬರುವ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರು.

"ಬಾಗಿಲಿನ ಸ್ಪ್ರಿಂಗು ವಿಪರೀತ ಬಿಗಿ," ಎಂದರು ನನ್ನ ಮುಖ ನೋಡದೆ.

ಶೆಡ್ಡಿನ ಮೂಲೆಯಿಂದ ಅತ್ತೆಯವರು, "ಇನ್ನೆಂಗಿರ್ತದೆ? ಯಾರ್ ಆಕ್ಸಿದ್ದು?" ಎಂದರು.

ನನಗೆ ಅನ್ಯಾಯವಾಗಬಾರದೆಂದು ಯಜಮಾನರು ಟ್ರ್ಯಾಕ್ಟರಿನ ಸುಸ್ತಾದ ಸ್ಪ್ರಿಂಗನ್ನು ನನ್ನ ಬಾಗಿಲಿಗೆ ಕಟ್ಟಿದರು. ಗಾಳಿ ಬಂದರೆ ಬಾಗಿಲು ಗೇಣುದ್ದ ತೆರೆಯುತ್ತದೆ, ಏನೋ ನೆನಪಾದಂತೆ ಹಿಂದೆ ಬರುತ್ತದೆ, ಮುಚ್ಚುವುದಿಲ್ಲ, ಮತ್ತೆ ತೆರೆಯುತ್ತದೆ. ದಿನವಿಡೀ ಇದೇ. ಸೊಳ್ಳೆಗಳು ಸಮಯ ನೋಡಿಕೊಂಡು ಒಳಬರುವುದನ್ನು ಕಲಿತವು. ಮೆಕ್ಯಾನಿಕ್ ಜಗುಲಿಯ ಮೇಲೆ ಕಾಫಿ ಕುಡಿಯುತ್ತ ಅದನ್ನೇ ತದೇಕಚಿತ್ತದಿಂದ ನೋಡಿದ. ಕೊನೆಗೆ ಲೋಟ ಕೆಳಗಿಟ್ಟು ಹೇಳಿದ:

"ಇದೂ ಹಾಂಟಿಂಗೇ, ಹಾಂಟಿ. ಬಿಚ್ಚಿ ಮೇಜಿನ ಮೇಲೆ ಮಲಗಿಸ್ಬೇಕು."

ಆಯುಧ ಪೂಜೆ

ನಾನು ಆಸೆ ಬಿಟ್ಟಿರಲಿಲ್ಲ. ಹಬ್ಬದ ದಿನ ಮಧ್ಯಾಹ್ನ ಬರುವಂತೆ ಗುಜರಿಯವನಿಗೆ ಮೊದಲೇ ಹೇಳಿಟ್ಟಿದ್ದೆ.

ಯಜಮಾನರು ಕುಂದಾಣದ ಕಡೆಯ ಗೆಳೆಯರೊಬ್ಬರಿಂದ ಹದವಾದ ಸ್ಪ್ರಿಂಗ್ ತಂದಿದ್ದರು. ಟ್ರ್ಯಾಕ್ಟರಿಗೆ ಸ್ನಾನವಾಗಿತ್ತು. ಬಾಳೆಕಂದು, ವಿಭೂತಿ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಹ್ಯಾಂಡಲ್ ತಿರುಗಿಸಿದರು. ಇಂಜಿನ್ ಎದ್ದಿತು. ಏರಿತು. ಇಳಿಯಿತು. ಏರಿತು.

ಗುಜರಿಯವನು ಗೇಟಿನ ಹತ್ತಿರ ತನ್ನ ಗಾಡಿ ನಿಲ್ಲಿಸಿದ. ಯಜಮಾನರು ಮಂಗಳಾರತಿ ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಅವರ ಕಣ್ಣು ನೋಡಿ ನನಗೂ ಕೆಡುಕೆನಿಸಿತು. ಆದರೆ ಮಾತು ಮಾತೇ.

ಮೆಕ್ಯಾನಿಕ್ ಮಾತ್ರ ಬಿಡಲಿಲ್ಲ. "ಕೊನೇ ಸಲ ಗವರ್ನರ್ ಕಡ್ಡಿ ಒಂದಿಷ್ಟು ತಿರುಗಿಸಿ ನೋಡ್ತೀನಿ ಸಾ. ಮೇಲೆ ಯಾರಾದ್ರೂ ಕುಂತು ಆಕ್ಸಿಲೇಟರ್ ಲಿವರ್ ಇಡ್ಕೋಬೇಕು. ಅಲುಗಾಡಬಾರದು." ಯಜಮಾನರ ಕೈಯಲ್ಲಿ ತಟ್ಟೆ. ಅತ್ತೆಯವರದು ಟ್ರ್ಯಾಕ್ಟರ್ ಹತ್ತುವ ವಯಸ್ಸಲ್ಲ. ಆತ ನನ್ನ ಕಡೆ ತಿರುಗಿದ. "ಹಾಂಟಿ, ನೀವೇ ಅತ್ತಿ."

ಬೇಗ ಮುಗಿಯಲಿ ಎಂದು ರೇಷ್ಮೆ ಸೀರೆಯಲ್ಲೇ ಹತ್ತಿದೆ. ಸಿಸ್ಟರ್‌ಗಳು ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು ಕೂತೆ. ಲಿವರನ್ನು ಎರಡೂ ಕೈಯಿಂದ ಹಿಡಿದೆ. ಹಿಡಿ ಎಂದರೆ ಹಿಡಿಯುವುದು ಹೇಗೆಂದು ನನಗೆ ಗೊತ್ತು.

ಸದ್ದು ಏರಲಿಲ್ಲ. ಇಳಿಯಲೂ ಇಲ್ಲ. ತಂಬೂರಿಯ ಹಾಗೆ ಒಂದೇ ಸ್ವರ.

"ಕಡ್ಡಿ ಮುಟ್ಟೇ ಇಲ್ಲ ಸಾ ನಾನು!" ಎಂದು ಮೆಕ್ಯಾನಿಕ್ ಕೂಗಿದ. "ಲಿವರ್ ಸವೆದೋಗಿ ಸಡಿಲ ಆಗೈತೆ. ತಾನೇ ಅಲುಗಾಡ್ಕೊಂಡು ಆಟ ಆಡ್ತಿತ್ತು. ಹಾಂಟಿ ಇಡ್ಕೊಂಡ್ರು, ಉಸಿರೆತ್ತಿಲ್ಲ ನೋಡಿ!"

ನಾನು ಕೈ ತೆಗೆದೆ. ಏರಿತು, ಇಳಿಯಿತು. ಹಿಡಿದೆ. ಸುಮ್ಮನಾಯಿತು.

"ರೀ, ಇದು ಲೆಕ್ಕಕ್ಕಿಲ್ಲ," ಎಂದೆ ಮೇಲಿನಿಂದಲೇ.

"ಒಂದೇ ಸ್ವರದಲ್ಲಿ ಓಡಬೇಕು ಅಂತ ನೀನೇ ಅಂದಿದ್ದೆ ಕಣೇ. ಯಾರೂ ಹಿಡ್ಕೋಬಾರದು ಅಂದಿರಲಿಲ್ಲ," ಎಂದು ಯಜಮಾನರು ಕಣ್ಣೊರೆಸಿಕೊಂಡು ಆರತಿ ಎತ್ತಿದರು. ಅತ್ತೆಯವರು ಕುಂಬಳಕಾಯಿಯನ್ನು ಟ್ರ್ಯಾಕ್ಟರಿಗೂ ನನಗೂ ಸೇರಿಸಿ ನಿವಾಳಿಸಿ ದೃಷ್ಟಿ ತೆಗೆದರು. "ಊರೋರ ಕಣ್ಣೆಲ್ಲ ಬಿದ್ದದೆ. ಗೌರ್ನರ್ರು ನಮ್ಮನೇಲೇ ಅವ್ರೆ ಅಂದ್ರೆ ಅವತ್ತು ನಕ್ಕಿದ್ರು," ಎಂದರು.

ಆರತಿ ಮುಗಿಯುವವರೆಗೆ ಇಂಜಿನ್ ತಪ್ಪಬಾರದು, ಅಪಶಕುನ. ಲಿವರ್ ಬಿಡುವ ಹಾಗಿರಲಿಲ್ಲ. ನಾನು ಅಲ್ಲಿಯೇ ನೆಟ್ಟಗೆ ಕೂತು, ಗುಜರಿಯವನು ಏನು ಮಾಡುತ್ತಾನೆಂದು ನೋಡುತ್ತಿದ್ದೆ. ಆತ ಹಾಡುತ್ತಿರುವ ಟ್ರ್ಯಾಕ್ಟರನ್ನು ನೋಡಿದ, ಕೈ ಮುಗಿದ. ಬಂದದ್ದಕ್ಕೆ ಬರಿಗೈಯಲ್ಲಿ ಹೋಗುವ ಮನಸ್ಸಿರಲಿಲ್ಲವೇನೋ, ಅಂಗಳದಲ್ಲೆಲ್ಲ ಕಣ್ಣಾಡಿಸಿದ. ಮೆಲ್ಲಗೆ ಹೊಂಗೆ ಮರದ ಕೆಳಗೆ ಹೋದ. ಕಾಗೆ ಹಿಕ್ಕೆಯಲ್ಲಿ ಮುಳುಗಿದ್ದ ನನ್ನ ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, ಇಂಜಿನ್ನಿನ ಸದ್ದಿಗೂ ಮೇಲೆ ಕೇಳುವಂತೆ ಕೂಗಿದ:

"ಹಾಂಟಿ! ಇದನ್ನಾದ್ರೂ ಕೊಡ್ತೀರಾ?"