ಫ್ರಾನ್ಸಿನ ಕೋಚು, ನಮ್ಮ ಮನೆಯ ಪಿ.ಟಿ. ಮೇಡಂ

ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಪರಪುರುಷನೊಬ್ಬನನ್ನು ಕಂಡು ಹೊಟ್ಟೆ ಉರಿದುಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ, ನನಗೂ ಗೊತ್ತು. ಆದರೆ ಆ ಪುರುಷ ಫ್ರಾನ್ಸಿನವನು. ಒಂದು ಕಾಲಕ್ಕೆ ದೊಡ್ಡ ಫುಟ್‌ಬಾಲ್ ಆಟಗಾರ, ಆಮೇಲೆ ಅಷ್ಟೇ ದೊಡ್ಡ ಕೋಚು. ಅವನ ಚಿತ್ರ ಮದ್ದೂರಿನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲಿದೆ. ಅಂಟಿಸಿದವಳು ನನ್ನ ಹೆಂಡತಿ ಸುಮಿತ್ರಾ, ಹೈಸ್ಕೂಲಿನ ಪಿ.ಟಿ. ಮೇಡಂ. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದ್ದಾಳೆ. "ಅವರು ಕೂಗಾಡಲ್ಲ ರೀ, ಸುಮ್ಮನೆ ನಿಂತು ನೋಡ್ತಾರೆ" ಎನ್ನುತ್ತಾಳೆ. ನಾನು ಹಾಲು ತೆಗೆಯುವಾಗಲೆಲ್ಲ ನನ್ನನ್ನೂ ಹಾಗೇ ನೋಡುತ್ತಾನೆ. ನಮ್ಮಮ್ಮನಂತೂ ಮೊದಮೊದಲು ಅವನನ್ನು ಬೀಗರ ಕಡೆಯವನೆಂದೇ ತಿಳಿದಿದ್ದರು.

ಮೊನ್ನೆ ಮಳವಳ್ಳಿ ತಂಡದ ಮೇಲೆ ಫೈನಲ್. ಎರಡೂ ಕಡೆ ಸಮ ಸಮ, ಮುಗಿಯಲು ಸ್ವಲ್ಪವೇ ಹೊತ್ತು. ಆಗ ಸುಮಿತ್ರಾ, ನಮಗೆ ಗೋಲು ಹೊಡೆದುಕೊಟ್ಟಿದ್ದ ಆತಗೂರಿನ ಭವ್ಯಳನ್ನೇ ಆಟದಿಂದ ಹೊರಗೆ ಕರೆದುಬಿಟ್ಟಳು. ಹುಡುಗಿ ಅಳುತ್ತಾ ಬಂದು ಕೂತಳು. ಸುಮಿತ್ರಾ ಕೈಕಟ್ಟಿ ನಿಂತು ಆಟ ನೋಡುತ್ತಲೇ ಇದ್ದಳು.

ಭವ್ಯಳ ಅಪ್ಪ ಪುಟ್ಟಸ್ವಾಮಿ ಊರಿನವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದ. "ಯಾರ್ಲಾ ಅವ್ಳು ಮೇಡಮ್ಮು? ಗೋಲ್ ಒಡ್ದ ಮಗೀನೇ ಕೂರುಸ್ಬುಟ್ಲಲ್ಲ!" ಎಂದು ಹಗ್ಗ ದಾಟಿ ನುಗ್ಗಿದ. ಹಿಂದೆ ಟೆಂಪೋದವರೆಲ್ಲ ಎದ್ದರು. ನಾನು ಹೋಗಿ ಅಡ್ಡ ನಿಂತೆ. "ಅವರು ನನ್ನ ಹೆಂಡತಿ" ಎಂದೆ. ನನ್ನ ಕಾಲರು ಅವನ ಕೈಗೆ ಹೋಯಿತು.

"ಅಂಗಾರೆ ನೀನೇ ಯೋಳು, ಯಾಕ್ ಕರುದ್ಲು?"

ಯಾಕೆಂದು ನನಗೇನು ಗೊತ್ತು? ಬಾಯಿಗೆ ಬಂದವನು ಫ್ರಾನ್ಸಿನವನೊಬ್ಬನೇ. "ಫ್ರಾನ್ಸಿನಲ್ಲಿ ಒಬ್ಬರಿದ್ದಾರೆ ಸ್ವಾಮಿ. ಎಂಥೆಂಥ ಸ್ಟಾರುಗಳನ್ನೂ ಹೊರಗೆ ಕೂರಿಸ್ತಾರೆ, ಯಾಕೆ ಅಂತ ಹೇಳಲ್ಲ. ಆದರೂ ಅವರ ಹೆಸರೆತ್ತಿದರೆ ಜನ ಎದ್ದು ನಿಲ್ತಾರೆ!" ನಿಜವೋ ಸುಳ್ಳೋ, ಒದರುತ್ತಾ ಹೋದೆ.

"ಕಪ್ ಗೆದ್ದವ್ನಾ ಅವ್ನು?"

"ಆಟಗಾರನಾಗೂ ಗೆದ್ದ, ಕೋಚಾಗೂ ಗೆದ್ದ."

ಕಾಲರಿನ ಹಿಡಿತ ಸಡಿಲವಾಯಿತು. ಅಷ್ಟರಲ್ಲಿ ಮೈದಾನದಲ್ಲಿ ಹೋ ಎಂದು ಕೂಗೆದ್ದಿತು. ಮಳವಳ್ಳಿಯವರು ಗೋಲು ಹೊಡೆದಿದ್ದರು. ಕೊನೆಯ ಸೀಟಿ ಊದಿದರು. ನಾವು ಸೋತೆವು.

ಪುಟ್ಟಸ್ವಾಮಿ ನನ್ನನ್ನು ಪಕ್ಕಕ್ಕೆ ತಳ್ಳಿ ಸುಮಿತ್ರಾಳತ್ತ ನಡೆದ. ನಾನು ಹಿಂದೆಯೇ ಓಡಿದೆ. ಅವಳು ನೆಲದ ಮೇಲೆ ಕೂತು ಭವ್ಯಳ ಕಾಲುಚೀಲ ಬಿಚ್ಚುತ್ತಿದ್ದಳು. ಹುಡುಗಿಯ ಕಾಲಿನ ಗಿಣ್ಣು ಊದಿ ಬದನೆಕಾಯಿಯಾಗಿತ್ತು.

"ಇದರ ಮೇಲೆ ಇನ್ನೊಂದು ಏಟು ಬಿದ್ದಿದ್ರೆ?" ಎಂದಳು ಸುಮಿತ್ರಾ, ಮೆಲ್ಲಗೆ.

"ಯಾಕವ್ವ ಬಾಯ್ಬುಡ್ನಿಲ್ಲ?" ಎಂದ ಅಪ್ಪ, ಮಗಳತ್ತ ಬಗ್ಗಿ.

"ಯೋಳಿದ್ರೆ ಮೇಡಮ್ಮು ಆಗ್ಲೇ ಈಚ್ಗೆ ಕರ್ಕಬುಡ್ತಿದ್ರು ಕಣಪ್ಪ."

ಅವನು ಕುಕ್ಕರುಗಾಲಲ್ಲಿ ಕೂತು, ಹೆಗಲ ಟವೆಲ್ಲಿನಿಂದ ಮಗಳ ಮುಖ ಒರೆಸಿದ. "ಕಪ್ ಓದ್ರೆ ಓಯ್ತು, ಬುಡವ್ವ." ಆಮೇಲೆ ಸುಮಿತ್ರಾಳಿಗೆ ಕೈಮುಗಿದು, ತನ್ನವರತ್ತ ತಿರುಗಿ ಗದರಿದ: "ಫ್ರಾನ್ಸಲ್ಲೂ ಇಂಗೇಯಂತೆ ಕಣ್ರಲಾ, ಸುಮ್ಕಿರಿ!"

ಈಗ ಆತಗೂರಿನ ಕಡೆ ಆ ಫ್ರಾನ್ಸಿನವನಿಗೆ ಇರುವ ಜನಪ್ರಿಯತೆ ನಮ್ಮ ಶಾಸಕರಿಗೂ ಇರಲಾರದು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಪುಟ್ಟಸ್ವಾಮಿ ನನ್ನ ಕ್ಷೇಮ ವಿಚಾರಿಸುವುದಿಲ್ಲ. "ಫ್ರಾನ್ಸಿನೋರು ಎಂಗವ್ರೆ ಸಾ?" ಎನ್ನುತ್ತಾನೆ.

ನಾನೂ ನಾಚಿಕೆಯಿಲ್ಲದೆ, "ಚೆನ್ನಾಗಿದ್ದಾರೆ, ನಿಮ್ಮನ್ನ ಕೇಳ್ತಿದ್ರು" ಎನ್ನುತ್ತೇನೆ.