ಗೌಡರ ಹೆಬ್ಬೆರಳಿಗೊಂದು ರಿವಾಲ್ವರ್

ರಿಪೇರಿ ಅಂಗಡಿಗೆ ಹೋಗಿ, "ಇದು ಇಷ್ಟು ಚೆನ್ನಾಗಿ ಕೆಲಸ ಮಾಡಬಾರದು, ಸ್ವಲ್ಪ ಕೆಡಿಸಿಕೊಡಿ" ಎಂದು ಕೇಳಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಪಕ್ಕದಲ್ಲೇ ತಲೆತಗ್ಗಿಸಿಕೊಂಡು ನಿಂತಿದ್ದೇನೆ. ಯಾಕೆಂದರೆ ಅವರು ನನ್ನ ಸೋದರಮಾವ. ಕೆಡಿಸಲು ಕೊಟ್ಟ ವಸ್ತು ಒಂದು ರಿವಾಲ್ವರ್!

ಗಾಬರಿಯಾಗಬೇಡಿ. ಮಾವ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತರಾದ ಮೇಷ್ಟರು. ಜಿರಲೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಿಲಲ್ಲಿ ಬಿಟ್ಟು ಬರುವ ಜನ. ರಿವಾಲ್ವರೂ ಅಸಲಿಯಲ್ಲ, ಹಳೇ ಕಾಲದ ಕರಿಮದ್ದಿನ ರಿವಾಲ್ವರಿನ ನಕಲು. ನಳಿಗೆಗೆ ಸೀಸ ತುಂಬಿ ಮುಚ್ಚಿದ್ದರು. ಚಿಟಿಕೆ ಮದ್ದು ಹಾಕಿ ಹೊಡೆದರೆ ಢಮ್ ಎಂದು ಒಂದು ಸದ್ದು, ಒಂದಿಷ್ಟು ಹೊಗೆ, ಅಷ್ಟೇ. ಮುಚ್ಚಿಹೋದ ಯಾವುದೋ ನಾಟಕದ ಕಂಪನಿಯಿಂದ ಅದನ್ನು ಕೊಂಡು ತಂದವರು ನುಗ್ಗೇಹಳ್ಳಿ ಕಡೆಯ ಒಬ್ಬ ಗೌಡರು. ಹಾಸನದಲ್ಲಿ ಓದುವಾಗ ಅವರೂ ಮಾವನೂ ಒಂದೇ ಕೋಣೆಯಲ್ಲಿದ್ದವರು. ಆಮೇಲೆ ಗೌಡರ ಊರಿನ ನಾಟಕದಲ್ಲಿ ಪ್ರತಿವರ್ಷ ಗೌಡರು ಇನ್ಸ್‌ಪೆಕ್ಟರ್, ಮಾವ ಪರದೆಯ ಹಿಂದೆ ಮಾತು ಹೇಳಿಕೊಡುವವರು. ಢಮ್ ಎಂದ ಕೂಡಲೇ ಮಾವ ಬೆಚ್ಚಿ ಪುಸ್ತಕ ಕೆಳಗೆ ಬೀಳಿಸುತ್ತಿದ್ದರಂತೆ, ಪ್ರತಿವರ್ಷವೂ!

ತೊಂಬತ್ತರ ದಶಕದ ಕೊನೆಯಲ್ಲಿ ಗೌಡರಿಗೆ ಲಕ್ವ ಹೊಡೆಯಿತು. ಮಾತು ಹೇಗೋ ಉಳಿಯಿತು, ಬಲಗೈ ಸ್ವಾಧೀನ ತಪ್ಪಿತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಅಮುಕಬೇಕೆಂದರು. ಗೌಡರು ಎಡಗೈಯಲ್ಲಿ ಅದನ್ನು ಕೊಟ್ಟಿಗೆಗೆ ಎಸೆದರು. "ನಾನೇನ್ ಮಗೀನಾ, ಚೆಂಡಾಡ್ಕಂಡ್ ಕೂರಕ್ಕೆ?"

ಬಂದವರನ್ನು ಉಣ್ಣಿಸದೆ ಎಂದೂ ಕಳಿಸದ ಮನುಷ್ಯ ಅವರು. ಈಗ ಹೆಂಡತಿ ತನಗೆ ತುತ್ತಿಡುವುದನ್ನು ಯಾರೂ ನೋಡಬಾರದೆಂದು, ಗಂಟೆ ಹನ್ನೆರಡಾದರೆ ಸಾಕು, "ಬಸ್ ತಪ್ಪೋಯ್ತದೆ, ಒಲ್ಡಿ ಒಲ್ಡಿ" ಎಂದು, ನೋಡಲು ಹೋದ ಮಾವನನ್ನೂ ನನ್ನನ್ನೂ ಎಬ್ಬಿಸತೊಡಗಿದರು. ಹಸಿದ ಹೊಟ್ಟೆಯಲ್ಲಿ ಬಸ್ಸಿಗೆ ಕಾಯುತ್ತ ಮಾವ ಒಂದು ದಿನ ಹೇಳಿದರು: "ಇವನು ತನ್ನ ಕೈಯಲ್ಲಿ ತಾನು ಉಣ್ಣಬೇಕು ಕಣೇ. ಮಿಕ್ಕಿದ್ದೆಲ್ಲ ಹಾಗೇ ಇರಲಿ, ಅದೊಂದಾಗಬೇಕು." ಬಸ್ಸು ಹತ್ತುವಾಗ ಮತ್ತೆ, "ಚೆಂಡು ಬೇಡ ಅಂದ. ರಿವಾಲ್ವರ್ ಬೇಡ ಅಂತಾನೇನು?"

ಆ ರಿವಾಲ್ವರಿನಲ್ಲಿ ಹಿಂದಿನ ಕುದುರೆಯನ್ನು, ಅಂದರೆ ಮದ್ದಿಗೆ ಬಡಿಯುವ ಪುಟ್ಟ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು, ಆಮೇಲೆ ತೋರುಬೆರಳಿನಿಂದ ಕೆಳಗಿನ ಕೊಕ್ಕೆ ಒತ್ತಬೇಕು. ತುತ್ತು ಕಲಸಲು ಬೇಕಾದದ್ದೂ ಅವೇ ಬೆರಳುಗಳಲ್ಲವೇ? ಮಾವನ ವಿಜ್ಞಾನ ಅಷ್ಟು ಸರಳ.

ಅಟ್ಟದಿಂದ ಇಳಿಸಿ ನೋಡಿದರೆ ರಿವಾಲ್ವರಿನ ಕುದುರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ವಿಚಾರಿಸಿದಾಗ ತಿಳಿಯಿತು, ಊರಿನ ನಾಟಕ ನಿಂತ ಮೇಲೂ ಗೌಡರ ಹೆಂಡತಿ ವರ್ಷ ವರ್ಷವೂ ಆಯುಧಪೂಜೆಗೆ ನೇಗಿಲು, ಕುಡುಗೋಲಿನ ಜೊತೆ ಅದಕ್ಕೂ ಗಂಧ, ಅರಿಶಿನ, ಕುಂಕುಮ ಮೆತ್ತುತ್ತಿದ್ದರು. ತುಕ್ಕು ಹಿಡಿಯದಿರಲೆಂದು ದೀಪದ ಹರಳೆಣ್ಣೆ ಬೇರೆ! ಎಲ್ಲ ಸೇರಿ ಸಂದುಗೊಂದುಗಳಲ್ಲಿ ಕಲ್ಲಾಗಿತ್ತು.

"ಪೂಜೆ ಮಾಡಿದ್ದು ತಪ್ಪಾಯ್ತಾ ಮೇಷ್ಟ್ರೇ?" ಎಂದರು ಆಕೆ ಅಳುಮುಖ ಮಾಡಿಕೊಂಡು.

"ಪೂಜೆ ತಪ್ಪಲ್ಲ ತಾಯಿ. ದೇವರಿಗಾದರೆ ಆಗಾಗ ಮಜ್ಜನ ಮಾಡಿಸ್ತಾರೆ, ಇದಕ್ಕೆ ಮಾಡಿಸಿಲ್ಲ."

ಹಾಸನದಲ್ಲಿ ಬೀಗ ರಿಪೇರಿ ಮಾಡುವ ಆಚಾರ್ರೊಬ್ಬರಿದ್ದರು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿಟ್ಟು ಬಿಚ್ಚಿದಾಗ ಅಂಗಡಿಯೆಲ್ಲ ಗಂಧದ ಪರಿಮಳ. "ಇದೇನ್ ಸಾ, ರಿವಾಲ್ವರೋ ಉತ್ಸವಮೂರ್ತಿಯೋ?" ಎನ್ನುತ್ತ ಆಚಾರ್ರು ಉಜ್ಜಿ, ಎಣ್ಣೆ ಬಿಟ್ಟು, ಕುದುರೆ ಎಳೆದು ಬಿಟ್ಟರು. ಠಣ್! ಆಚಾರ್ರ ಮುಖದಲ್ಲಿ ಗೆದ್ದ ಕಳೆ. ಮಾವ ಕಿರುಬೆರಳಿನಿಂದ ಎಳೆದು ನೋಡಿ, ಬಹಳ ಬಿಗಿ ಎಂದು ತಲೆಯಾಡಿಸಿದರು. ಕೆಡಿಸಿಕೊಡಿ ಎಂದದ್ದು ಆಗಲೇ.

"ನಲವತ್ ವರ್ಸದಿಂದ ಕೆಟ್ಟಿದ್ದನ್ನ ಸರಿ ಮಾಡ್ತಾ ಇವ್ನಿ. ಸರಿ ಇರೋದ್ನ ಕೆಡ್ಸು ಅಂದೋರು ನೀವೇ ಫಸ್ಟು ಸಾ!" ಆಚಾರ್ರಿಗೆ ನಿಜವಾಗಿ ಅವಮಾನವಾಗಿತ್ತು. ಮಾವ ಪಕ್ಕದ ಸ್ಟೂಲಿನ ಮೇಲೆ ಕೂತು ಗೌಡರ ಬೆರಳಿನ ವಿಷಯ ಹೇಳಿದರು. ಆಚಾರ್ರು ಅಸಲಿ ಸ್ಪ್ರಿಂಗನ್ನು ಬಿಚ್ಚಿ ತೆಗೆದಿಟ್ಟರು. ಅರಕಲಗೂಡಿನವರು ಯಾರೋ ಬಿಟ್ಟುಹೋದ ಗೋಡೆ ಗಡಿಯಾರವೊಂದರಿಂದ ಸ್ಪ್ರಿಂಗಿನ ಪಟ್ಟಿ ಕತ್ತರಿಸಿ, ಅರದಿಂದ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ಕೂರಿಸಿದರು.

ಗೌಡರ ಬಲಗೈಯಲ್ಲಿ ರಿವಾಲ್ವರ್ ಇಟ್ಟಾಗ ಅವರು ಅದನ್ನು ಎಸೆಯಲಿಲ್ಲ. ಎಡಗೈಯಿಂದ ಬಲಗೈ ಬೆರಳುಗಳನ್ನು ಅದರ ಮೇಲೆ ಕೂರಿಸಿಕೊಂಡರು. ಹೆಬ್ಬೆರಳು ನಡುಗಿತು, ಕುದುರೆ ಕೂದಲೆಳೆಯಷ್ಟು ಜರುಗಿ ಮತ್ತೆ ಜಾರಿತು. ಹಣೆಯಲ್ಲಿ ಬೆವರು. ಮೂರು ವಾರ ಇದೇ ಪಾಡು. ನಾಲ್ಕನೆಯ ವಾರ, ಟಕ್! ಮದ್ದಿಲ್ಲದ ಆ ಪುಟ್ಟ ಸದ್ದಿಗೂ ಮಾವ ಬೆಚ್ಚಿದರು. ಸಾವರಿಸಿಕೊಂಡು, "ಸರಿ, ಇನ್ನು ಸ್ವಲ್ಪ ಬಿಗಿ ಮಾಡಿಸ್ತೀನಿ" ಎಂದರು.

"ನಿನ್ ಬುದ್ಧಿ ಎಲ್ಲೋದಾತು ಮೇಷ್ಟ್ರೇ! ಪಾಸಾದೋನ್ಗೆ ಇನ್ನೂ ಕಷ್ಟದ್ ಲೆಕ್ಕ ಕೊಡೋ ಜಾತಿ ಕಣ್ಲಾ ನಿಂದು" ಎಂದು ಗೌಡರು ಬೈದರು. ಲಕ್ವ ಹೊಡೆದ ಮೇಲೆ ಅವರು ಅಷ್ಟು ಜೋರಾಗಿ ಬೈದದ್ದು ಅದೇ ಮೊದಲಂತೆ.

ಅಲ್ಲಿಂದ ತಿಂಗಳಿಗೊಂದು ಸ್ಪ್ರಿಂಗು, ಹಿಂದಿನದಕ್ಕಿಂತ ಒಂದು ಎಳೆ ದಪ್ಪ. ಹಾಸನದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನೂ ಮಾವ ಎಳೆದುಕೊಂಡು ಹೋಗುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸುವಾಗ ರಿವಾಲ್ವರ್ ನನ್ನ ಬ್ಯಾಗಿನಲ್ಲಿ, ಬಾಚಣಿಗೆ, ಕರ್ಚೀಫುಗಳ ಅಡಿಯಲ್ಲಿ. "ಹೆಂಗಸರ ಬ್ಯಾಗಲ್ಲಿ ಬೇಕಾದ್ದು ಅವರಿಗೇ ಸಿಗಲ್ಲ, ಇನ್ನು ಬೇರೆಯವರಿಗೆ ಸಿಗತ್ತೇನೇ?" ಎಂಬುದು ಮಾವನ ತರ್ಕ.

ಅಷ್ಟರಲ್ಲಿ ಚುನಾವಣೆ ಬಂತು. ಕೋವಿ ಇಟ್ಟುಕೊಂಡವರೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಸಾರಿದರು. ಇದಕ್ಕೂ ನಮಗೂ ಏನು ಸಂಬಂಧ ಹೇಳಿ? ಸ್ಪ್ರಿಂಗು ಬದಲಿಸಲು ತಂದಿದ್ದ ರಿವಾಲ್ವರನ್ನು ಪೇಪರಿನಲ್ಲಿ ಸುತ್ತಿಕೊಂಡು ಮಾವ ನೆಟ್ಟಗೆ ಠಾಣೆಗೆ ನಡೆದರು, ಹಿಂದೆ ನಾನು! ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಅವರ ಹಳೆಯ ಶಿಷ್ಯ.

"ನಾಟಕದ್ದು ಅಂತೀರಿ. ಮತ್ಯಾಕ್ ತಂದ್ರಿ ಸಾ?"

"ನಾಟಕದ್ದು ಅಂತ ನಿಮಗೆ ಗೊತ್ತಿರಬೇಕಲ್ಲಪ್ಪ, ಅದಕ್ಕೆ."

"ಅಂಗಾದ್ರೆ ಎಲೆಕ್ಷನ್ ಮುಗಿಯೋಗಂಟ ಇಲ್ಲೇ ಇರ್ಲಿ ಬುಡಿ."

ಮಾವನ ಮುಖ ಸಪ್ಪಗಾಯಿತು. "ಇಟ್ಕೊಂಡ್ರೆ ನಮ್ಮ ಗೌಡನ ಕೈ ಒಂದು ತಿಂಗಳು ಸುಮ್ಮನಾಗಿಬಿಡತ್ತೆ. ಮತ್ತೆ ಮೊದಲಿಂದ ಶುರು ಮಾಡ್ಬೇಕು" ಎಂದರು, ತಪ್ಪು ಮಾಡಿದ ಹುಡುಗನ ಹಾಗೆ. ಶಿಷ್ಯ ಕುದುರೆ ಎಳೆದು ನೋಡಿ, ನಳಿಗೆಯ ಸೀಸ ತಟ್ಟಿ ನೋಡಿ, ಪೇಪರಿನಲ್ಲಿ ಮತ್ತೆ ಸುತ್ತಿ ಕೊಟ್ಟ. "ಇದ್ರಿಂದ ಸೊಳ್ಳೆನೂ ಸಾಯಕಿಲ್ಲ. ತಗಂಡ್ ಓಗಿ ಸಾ."

ದಾರಿಯುದ್ದಕ್ಕೂ ನಾನು ಮಾವನನ್ನು ಬೈದೆ. ಅವರು ಮಾತ್ರ ಪೇಪರಿನ ಗಂಟನ್ನು ಎದೆಗೆ ಅವಚಿಕೊಂಡು ನಡೆಯುತ್ತಿದ್ದರು.

ಗಡಿಯಾರದ ಪಟ್ಟಿಗಳೆಲ್ಲ ಮುಗಿದು ಅಸಲಿ ಸ್ಪ್ರಿಂಗನ್ನೇ ಹಾಕಿಸುವ ಹೊತ್ತಿಗೆ ಹತ್ತು ತಿಂಗಳು ಕಳೆದಿತ್ತು. ಆ ಭಾನುವಾರ ಗೌಡರು ಕುದುರೆಯನ್ನು ಪೂರ್ತಿ ಎಳೆದು ಬಿಟ್ಟರು. ಠಣ್! ಗಂಟೆ ಹನ್ನೆರಡಾಯಿತು. ನಾವು ರೂಢಿಯಂತೆ ಚೀಲ ಎತ್ತಿಕೊಂಡು ಎದ್ದೆವು.

"ಎಲ್ಗ್ ಒಂಟ್ರಿ? ಕೂತ್ಕಳಿ. ಎಲೆ ಹಾಕವ್ಳೆ" ಎಂದರು ಗೌಡರು, ನಮ್ಮ ಮುಖ ನೋಡದೆ.

ಮೂರು ಎಲೆ ಸಾಲಾಗಿ ಹಾಕಿದ್ದರು. ಗೌಡರು ಬಲಗೈಯನ್ನು ಅನ್ನಕ್ಕೆ ಇಳಿಸಿ ಮೆಲ್ಲಗೆ ಕಲಸಿದರು. ಮೊದಲ ತುತ್ತಿನಲ್ಲಿ ಅರ್ಧ ಬಾಯಿಗೆ ಹೋಯಿತು, ಅರ್ಧ ಎದೆಯ ಮೇಲೆ ಉದುರಿತು. ಅವರ ಹೆಂಡತಿ ಮುಂದೆ ಬರಹೊರಟಾಗ ಮಾವ ಕಣ್ಣಲ್ಲೇ ತಡೆದರು.

ಮೂವತ್ತು ವರ್ಷ ಸ್ಕೂಲಿನ ಗಂಟೆಗೆ ಹೆದರಿ ಉಂಡ ಅಭ್ಯಾಸ ಮಾವನದು, ಹತ್ತು ನಿಮಿಷದಲ್ಲಿ ಕೈ ತೊಳೆದಿರುತ್ತಾರೆ. ಅವತ್ತು ಗೌಡರ ಕೈ ಮೇಲೆದ್ದರೆ ಮಾವನ ಕೈ ಏಳುತ್ತಿತ್ತು. ಗೌಡರ ತುತ್ತು ಜಾರಿ ಎಲೆಗೆ ಬಿದ್ದರೆ ಮಾವನ ಕೈಯೂ ಅಲ್ಲೇ ನಿಲ್ಲುತ್ತಿತ್ತು. ಸಾರಿನ ಅನ್ನ ಮುಗಿಯುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ನಾನು ಬೇಗ ಉಂಡು ಮುಗಿಸಿದ್ದೆ. ಅರ್ಥವಾದ ಮೇಲೆ ನಾಚಿಕೆಯಾಗಿ ಇನ್ನೊಂದು ಚೂರು ಅನ್ನ ಹಾಕಿಸಿಕೊಂಡೆ.

ಗೌಡರು ಒಂದು ಸಲ ತಲೆ ಎತ್ತಿ ಪಕ್ಕದ ಎಲೆ ನೋಡಿದರು. "ಏನ್ ಮೇಷ್ಟ್ರೇ, ಇವತ್ ಬಾಳ ನಿಧಾನ? ಸಾರು ಸೇರ್ನಿಲ್ವಾ?"

"ಹಲ್ಲುನೋವು ಕಣೋ" ಎಂದರು ಮಾವ.

ಅವರಿಗೆ ಯಾವ ಹಲ್ಲೂ ನೋಯುತ್ತಿರಲಿಲ್ಲ. ಗೌಡರ ಹೆಂಡತಿ ಮಜ್ಜಿಗೆ ತಂದಾಗ ನಾನೂ ಮತ್ತೆ ಅನ್ನ ಹಾಕಿಸಿಕೊಂಡು, ಒಂದೊಂದೇ ಅಗುಳಿನಂತೆ ಕಲಸತೊಡಗಿದೆ.